ಸೆನೆಟರ್ ಮುಖದ ಸುಕ್ಕು

ಮಸ್ಕತ್ತಿನ ಅಲ್ ಖೌದ್‌ನಲ್ಲಿರುವ ನಮ್ಮ ಫೋಟೊ ಸ್ಟುಡಿಯೋಕ್ಕೆ ಒಮಾನಿ ಪ್ರೊಫೆಸರೊಬ್ಬರು ಎಪ್ಪತ್ತು ವರ್ಷ ಹಿಂದಿನ ಅಮೆರಿಕದ ಸೆನೆಟರ್ ಒಬ್ಬರ ಫೋಟೊಗಳನ್ನೂ ಕಾರ್ಟೂನುಗಳನ್ನೂ ತಂದುಕೊಟ್ಟಿದ್ದರು. ಪ್ರದರ್ಶನಕ್ಕೆ ದೊಡ್ಡದು ಮಾಡಬೇಕಿತ್ತು. ಉದ್ಘಾಟನೆಯ ಹಿಂದಿನ ದಿನ ಬಂದು ನೋಡಿದವರೇ ಹಿಂದಿಯಲ್ಲಿ ಕೇಳಿದರು, “ಹಣೆಯ ಸುಕ್ಕು, ಜೋಲುಬಿದ್ದ ಕೆನ್ನೆ ಎಲ್ಲಿ ಹೋಯಿತು?”

ಕಾರ್ಟೂನುಗಳಲ್ಲಿ ಅವು ಇದ್ದವು, ನಾವು ದೊಡ್ಡದು ಮಾಡಿದ ಫೋಟೊಗಳಲ್ಲಿ ಇರಲಿಲ್ಲ.

ಕಂಪ್ಯೂಟರಿನ ಮುಂದೆ ಕೂತಿದ್ದ ಉಡುಪಿಯ ಲ್ಯಾನ್ಸಿಯನ್ನು ನೋಡಿದೆ. “ಮದುವೆ ಆಲ್ಬಮ್ಮಿಗೆ ಮಾಡಿದ ಹಾಗೆ ಕ್ಲೀನ್ ಮಾಡಿದ್ದು ಮಾರಾಯ. ಸುಕ್ಕು ಬಿಟ್ರೆ ಗಿರಾಕಿ ಬೈಯುದಿಲ್ವಾ?” ಎಂದ.

ಪ್ರೊಫೆಸರ್ ನಗಲಿಲ್ಲ. “ಇದನ್ನು ನೋಡಿದವರು ಕಾರ್ಟೂನು ಬರೆದವರೆಲ್ಲ ಸುಳ್ಳುಗಾರರು ಅಂದುಕೊಳ್ಳುತ್ತಾರೆ,” ಎಂದರು.

ಸಂಜೆಯೊಳಗೆ ಸುಕ್ಕು ಸಮೇತ ಮತ್ತೆ ಪ್ರಿಂಟ್ ಹಾಕಿಕೊಟ್ಟೆವು.

ನನ್ನ ಪಾಸ್‌ಪೋರ್ಟಿನ ಫೋಟೊ ತೆಗೆದದ್ದೂ ಲ್ಯಾನ್ಸಿಯೇ. ಮಸ್ಕತ್ ಏರ್‌ಪೋರ್ಟಿನ ಕೌಂಟರಿನಲ್ಲಿ ಅದನ್ನು ಕೊಟ್ಟಾಗಲೆಲ್ಲ ಅಧಿಕಾರಿ ಕಾರ್ಟೂನು ನೋಡುವ ಹಾಗೆ ನನ್ನ ಮುಖ ನೋಡುತ್ತಾರೆ.