ಮೈಲಾರವ್ವ ಹತ್ತಿಸಿದ ಟೆಂಪೋ

ಮಿಶ್ರಿಕೋಟಿಯ ಮೈಲಾರವ್ವ ಕುರಿ ಕಾಯುತ್ತಲೇ ಬೆಳೆದವಳು. ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಕುರಿ ಸಾಗಿಸುವ ಕಾನೂನು ತಿದ್ದಲು ಸರಕಾರ ಜನರ ಅಭಿಪ್ರಾಯ ಕೇಳಿದಾಗ, ಊರವರ ಜೊತೆ ಅವಳೂ ಕುರಿ ಸಾಗಿಸುವ ಮಡಿವಾಳೆಪ್ಪನ ಟೆಂಪೋ ಹತ್ತಿ ಕಲಘಟಗಿಯ ಸಭೆಗೆ ಹೋದಳು.

"ಗಾಡ್ಯಾಗ ಕುರಿ ತುರುಕಬಾರ್ದ್ರಿ, ಉಸರಾಡಾಕ ಜಾಗಾ ಬೇಕು," ಎಂದಳು.

"ಕುರಿಗೂ ಕುರ್ಚಿ ಹಾಕೂಣೇನು?" ಮಡಿವಾಳೆಪ್ಪ ನಕ್ಕ.

"ಅಣ್ಣಾ, ಊರಿಗೆ ಹೋಗೂ ಮುಂದ ನೀವೂ ನಮ್ಮ ಕೂಡ ಹಿಂದ ನಿಂತು ಬರ್ರಿ."

ಸಭೆಯೆಲ್ಲ ನಕ್ಕಿತು. ಹಟಕ್ಕೆ ಬಿದ್ದ ಮಡಿವಾಳೆಪ್ಪ, ಊರಿಗೆ ಮರಳುವಾಗ ಡ್ರೈವರನ ಪಕ್ಕದ ಸೀಟು ಬಿಟ್ಟು ಹಿಂದೆ ಜನರ ನಡುವೆಯೇ ನಿಂತ. ಪ್ರತಿ ಗುಂಡಿಗೂ ಯಾರದೋ ಮೊಣಕೈ ಪಕ್ಕೆಗೆ ತಿವಿಯಿತು; ಸೆಕೆಗೆ ನೀರಡಿಕೆಯೂ ಆಯಿತು.

ಮುಂದಿನ ಸಭೆಯಲ್ಲಿ ಮೊದಲು ಎದ್ದವನು ಅವನೇ. "ಬರೇ ಜಾಗಾ ಸಾಲೂದಿಲ್ರಿ ಸಾಹೇಬ್ರ, ದಾರ್ಯಾಗ ನೀರೂ ಕುಡಸಬೇಕಂತ ಬರ್ಕೊರಿ!"

ಮೈಲಾರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ತಿದ್ದಿದ ಕಾನೂನು ಇನ್ನೂ ಬರಬೇಕು. ಮಡಿವಾಳೆಪ್ಪನ ಟೆಂಪೋದಲ್ಲಿ ಮಾತ್ರ ಕುರಿಗಳು ಈಗಲೇ ಆರಾಮಾಗಿ ನಿಲ್ಲುತ್ತವೆ.