ಚಿಕ್ಕಮ್ಮನ ಕ್ಲಾಸಿಗೆ ಬಂದ ಹಿಮದ ಊರು

ನಮ್ಮ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಾಹಿತ್ಯ ಪಾಠ ಮಾಡಿದವಳು. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುತ್ತಿದ್ದುದು ಒಂದೇ ಪ್ರಶ್ನೆ. ಹಾಗಾಗಿ ಮಕ್ಕಳು ಇಟ್ಟ ಅಡ್ಡಹೆಸರು ‘ಆಮೇಲೇನಾಯ್ತು ಮಿಸ್ಸು’.

ಒಂದು ವರ್ಷ ಒಂಬತ್ತನೇ ತರಗತಿಗೆ ದೂರದ ಹಿಮದ ನಾಡಿನ ಅನುವಾದಿತ ಕಥೆಯೊಂದು ಪಾಠವಾಗಿ ಬಂತು. ಮೀನುಗಾರನೊಬ್ಬ ಕಡಲಿಗೆ ಹೋದವನು ಮರಳಿ ಬರಲಿಲ್ಲ. ಹೆಂಡತಿ ಮಾತ್ರ ಪ್ರತಿ ಚಳಿಗಾಲ ಅವನ ಬೂಟಿಗೆ ಎಣ್ಣೆ ಸವರಿ ಬಾಗಿಲ ಬಳಿ ಇಡುತ್ತಾಳೆ. ಚಿಕ್ಕಮ್ಮ ಮನಸ್ಸಿಟ್ಟು ಓದಿದಳು. ಮಕ್ಕಳ ಪಾಲಿಗೆ ಅದು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

“ಮಿಸ್, ಹಿಮಾನ ನಾವು ಫ್ರಿಜ್ಜಲ್ಲಿ ಮಾತ್ರ ನೋಡಿರೋದು,” ಎಂದನೊಬ್ಬ. ಕ್ಲಾಸು ಗೊಳ್ಳೆಂದಿತು.

“ಸರಿ, ಹಿಮ ಬಿಡಿ. ಯಾರಿಗೂ ಉಪಯೋಗ ಇಲ್ಲ, ಆದ್ರೂ ಯಾರೂ ಬಿಸಾಕಲ್ಲ, ಅಂಥ ವಸ್ತು ನಿಮ್ಮನೇಲಿ ಏನಿದೆ? ಯಾಕೆ ಬಿಸಾಕಿಲ್ಲ ಅಂತ ಕೇಳಿ ಬರ್ಕೊಂಡು ಬನ್ನಿ.”

ಸುದ್ದಿ ಹೆಡ್‌ಮಾಸ್ಟರ ಕಿವಿಗೆ ಬಿತ್ತು. “ಪರೀಕ್ಷೇಲಿ ಹಳೇ ಸಾಮಾನಿನ ಪಟ್ಟಿ ಕೇಳ್ತಾರೇನ್ರೀ?”

“ಕಥೆ ಕೇಳ್ತಾರೆ ಸಾರ್. ಅದು ಮಕ್ಕಳ ಒಳಗೆ ಹೋಗೋಕೆ ದಾರಿ ಹುಡುಕ್ತಿದೀನಿ.”

ಸೋಮವಾರ ಹಾಳೆಗಳಲ್ಲಿ ಮುರಿದ ಕೊಡೆ ಬಂತು, ತಾತನ ಹಲ್ಲಿನ ಸೆಟ್ಟು ಬಂತು, ನಗು ಬಂತು. ಆಗ ಕೊನೇ ಬೆಂಚಿನಿಂದ, ವರ್ಷವಿಡೀ ತುಟಿ ಪಿಟಕ್ಕೆನ್ನದ ಹುಡುಗಿ ಎದ್ದಳು. ಅವಳ ತಂದೆ ಬಸ್ ಡ್ರೈವರ್, ತೀರಿಕೊಂಡು ಮೂರು ವರ್ಷವಾಗಿತ್ತು. ಹಾಳೆ ಬಿಡಿಸಿ ಓದತೊಡಗಿದಳು.

“ಅಮ್ಮ ಪ್ರತಿ ಭಾನುವಾರ ಅಪ್ಪನ ಖಾಕಿ ಅಂಗಿ ಒಗೆದು ಇಸ್ತ್ರಿ ಮಾಡ್ತಾಳೆ. ಗೆಳತಿಯರು ಬಂದ್ರೆ ನಾಚಿಕೆಯಾಗಿ ಬಚ್ಚಿಡ್ತಿದ್ದೆ. ನಿನ್ನೆ ಯಾಕಮ್ಮ ಅಂತ ಕೇಳಿದೆ. ‘ನಿಮ್ಮಪ್ಪ ಸುಕ್ಕಾದ ಅಂಗೀಲಿ ಡ್ಯೂಟಿಗೆ ಹೋದವರೇ ಅಲ್ಲ’ ಅಂದಳು. ಮಿಸ್, ಆ ಹಿಮದ ಊರಿನವಳು ನಮ್ಮಮ್ಮನೇ.”

ಫ್ರಿಜ್ಜಿನ ಮಾತಾಡಿದವನೇ ಮೆಲ್ಲಗೆ ಕೇಳಿದ: “ಮಿಸ್, ಆ ಕಥೆ ಇನ್ನೊಂದ್ಸಲ ಓದ್ತೀರಾ?”

ಎರಡು ದಿನದ ಮೇಲೆ ಹುಡುಗಿಯ ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸ್ಟಾಫ್‌ರೂಮಿನ ಬಾಗಿಲಿಗೆ ಬಂದರು. “ಆ ಬೂಟಿನ ಕಥೆ ನಂಗೂ ಕೊಡ್ತೀರಾ ಮೇಡಂ?” ಜಗಲಿಯ ಬೆಂಚಿನಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಪೂರ್ತಿ ಓದಿದರು. “ಪಾಪ, ಆ ಹೆಂಗಸಿಗೂ ‘ಯಾಕಮ್ಮ’ ಅಂತ ಕೇಳೋ ಮಗಳೊಬ್ಬಳು ಇರ್ಬೇಕಿತ್ತು,” ಎಂದು ಪುಸ್ತಕ ಮಡಚಿ ಕೊಟ್ಟರು. ಹೆಡ್‌ಮಾಸ್ಟರು ಕಿಟಕಿಯಿಂದ ನೋಡುತ್ತಿದ್ದರು. ಮುಂದಿನ ತಿಂಗಳು ಲೈಬ್ರರಿಗೆ ಒಂದು ಕಪಾಟು ತುಂಬ ಪರದೇಶದ ಕಥೆಗಳು ಬಂದವು.

ಹತ್ತನೇ ತರಗತಿ ಮುಗಿಯುವಷ್ಟರಲ್ಲಿ ಹುಡುಗಿ ಅವನ್ನೆಲ್ಲ ಓದಿದ್ದಳು. ಕೊನೆಯ ವಾರ, ಮರಳುಗಾಡಿನ ನಾಡಿನ ಕಥೆಯೊಂದನ್ನು ಆರಿಸಿಕೊಂಡು ಎಂಟನೆಯವರಿಗೆ ತಾನೇ ಪಾಠ ಮಾಡಿದಳು. ಚಿಕ್ಕಮ್ಮ ಮಕ್ಕಳ ಜೊತೆ ಕೂತು ಕೇಳಿದಳು.

ಹೊಗಳುವುದರಲ್ಲಿ ನಮ್ಮ ಚಿಕ್ಕಮ್ಮ ಮಹಾ ಜಿಪುಣಿ. ಆ ಸಂಜೆ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೂಗಿ ಹೇಳಿದಳು: “ನನಗಿಂತ ಚೆನ್ನಾಗಿ ಮಾಡಿದಳು ಕಣೇ!”