ಕಣಕ್ಕೆ ಹೋಗದ ಗೌರಿ

ಗೌರಿ ಅವತ್ತು ತನ್ನ ಅಪ್ಪನ ಹಿಂದೆ ಕಣಕ್ಕೆ ಹೋಗಲಿಲ್ಲ. ನಾನೇ ಅವಳನ್ನು ಬಸ್ಸು ಹತ್ತಿಸಿದ್ದೆ. ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು — ಅದೂ ಅಕ್ಕ ಮಣ್ಣಿಗೆ ಹೋದ ಮೇಲೆ.

ಗೌರಿ ನನ್ನ ಅಕ್ಕನ ಮಗಳು, ಇನ್ನೂ ಶಾಲೆಗೆ ಸೇರಿರಲಿಲ್ಲ. ಅದು ತೊಂಬತ್ತರ ದಶಕ. ಹರಪನಹಳ್ಳಿ ಕಡೆಯ ಅಕ್ಕನ ಊರಲ್ಲಿ ಮೆಕ್ಕೆಜೋಳ ಬಿಡಿಸುವ ಮಿಷಿನ್ ಅವರ ಕಣಕ್ಕೆ ಬಂದ ದಿನ. ಮಿಷಿನ್ ಸರದಿಯ ಮೇಲೆ ಬರುತ್ತದೆ. ಬಂದ ದಿನ ಮನೆಮಂದಿಯೆಲ್ಲ ಅಲ್ಲೇ. ಭಾವ ಟ್ರ್ಯಾಕ್ಟರ್ ಮೇಲೆ, ಅಕ್ಕ ತೆನೆ ಸುರಿಯುವುದರಲ್ಲಿ. ಸುಗ್ಗಿಯ ಕೆಲಸಕ್ಕೆಂದು ಬಂದಿದ್ದ ನಾನೊಬ್ಬಳೇ ಆಳುಗಳಿಗೆ ರೊಟ್ಟಿ ಬಡಿಯಲು ಗೌರಿಯ ಜೊತೆ ಮನೆಯಲ್ಲಿದ್ದೆ. ಚಿಗಟೇರಿಯಲ್ಲಿದ್ದ ನಮ್ಮ ಅವ್ವನ ಹತ್ತಿರ ಹೋಗಬೇಕೆಂದು ಗೌರಿ ನನ್ನ ಸೆರಗು ಬಿಡಲಿಲ್ಲ. ನಮ್ಮಲ್ಲಿ ಮಕ್ಕಳನ್ನು ಹಾಗೆ ಕಳಿಸುವುದುಂಟು — ಬಸ್ಸಿನಲ್ಲಿ ಗುರುತಿನವರ ಕೈಗೆ ಕೊಟ್ಟು, ಕಂಡಕ್ಟರನಿಗೊಂದು ಮಾತು ಹೇಳಿದರೆ ಊರಲ್ಲಿ ಇಳಿಸುತ್ತಾರೆ. ಕೆಂಪು ಫ್ರಾಕು ಹಾಕಿ ರಸ್ತೆಗೆ ಕರೆದುಕೊಂಡು ಹೋದೆ. ಒಲೆಯ ಮೇಲೆ ಹೆಂಚು ಕಾಯುತ್ತಿತ್ತು. ಬಂದ ಬಸ್ಸಿನ ಬೋರ್ಡು ನೋಡಲಿಲ್ಲ. ಗುರುತಿನವರು ಇದ್ದಾರೆಯೇ ಎಂದೂ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಒಬ್ಬ ಹೆಂಗಸಿನ ಕೈಗೆ ಎತ್ತಿ ಕೊಟ್ಟು, "ಚಿಗಟೇರ್ಯಾಗ ಇಳಿಸ್ರಿ" ಎಂದೆ.

"ಆತ್ ಬಿಡವ್ವ" ಎಂದಳು. ಅವಳ ಮುಖ — ಎಷ್ಟು ನೆನೆಸಿಕೊಂಡರೂ ಬಳೆ ತೊಟ್ಟ ಕೈ ಮಾತ್ರ ಕಣ್ಣಿಗೆ ಬರುತ್ತದೆ.

ಸಂಜೆ ಅವ್ವ ಯಾರದೋ ಗಾಡಿಯಲ್ಲಿ ನೆಟ್ಟಗೆ ಕಣಕ್ಕೇ ಬಂದಳು. ರೊಟ್ಟಿ ಹೊತ್ತು ನಾನೂ ಅಲ್ಲಿಗೆ ಬಂದಿದ್ದೆ. "ನನ್ನ ಗೌರಿ ಎಲ್ಲಿ ಅದಾಳ? ಅಜ್ಜಿ ಬಂದ್ರೂ ಓಡಿ ಬರವಲ್ಲಳು, ಇಷ್ಟ್ ಸೊಕ್ಕು ಬಂತೇನ್ ಆಕಿಗೆ!" ಎಂದು ನಕ್ಕಳು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದದ್ದು ಇದು: "ಭಾವಾರ ಹಿಂದಿಂದನ ಕಣಕ್ಕ ಬಂದ್ಲಲ್ಲ."

ಚಿಗಟೇರಿಯಲ್ಲಿ ಯಾರದೋ ಮನೆಯಲ್ಲಿ ಕೂತಿರುತ್ತಾಳೆ, ಬೆಳಿಗ್ಗೆ ಕರೆತರುತ್ತಾರೆ, ಆಗ ನಾಲ್ಕು ಬೈಗುಳ ತಿಂದರಾಯಿತು — ಹೀಗೆಂದುಕೊಂಡೆ. ಬೆಳಿಗ್ಗೆ ಆ ಊರಿಂದಲೂ ಜನ ಹುಡುಕಲು ಬಂದರು. ಅವರ ಜೊತೆ ಗೌರಿ ಇರಲಿಲ್ಲ.

ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಗದರುವವರಲ್ಲ. ಗೂಟದ ಮೇಲಿನ ಬಟ್ಟೆಗಳನ್ನು ಅಕ್ಕನಿಗೆ ತೋರಿಸಿ, ಕೆಂಪು ಫ್ರಾಕು ಇಲ್ಲವೆಂದು ಅವರೇ ಕಂಡುಹಿಡಿದರು. ನನ್ನನ್ನು ಪಕ್ಕಕ್ಕೆ ಕರೆದು, "ಊರಿಗೆ ಹೋಗೋ ಫ್ರಾಕ್ ಹಾಕ್ಕೊಂಡು ಯಾವ ಕೂಸು ಕಣಕ್ಕ ಹೋಗ್ತೈತವ್ವ?" ಎಂದು ಕೇಳಿದರು. ಆಗಲಾದರೂ ಹೇಳಬಹುದಿತ್ತು. ಆ ಬಸ್ಸು ಯಾವುದು, ಕಂಡಕ್ಟರ್ ಯಾರು ಎಂದು ಅವತ್ತೇ ವಿಚಾರಿಸಿದ್ದರೆ —

"ಮಿಷಿನ್ ನೋಡಾಕ ಅದ ಬೇಕಂತ ಹಟ ಹಿಡಿದ್ಲು ರೀ" ಎಂದೆ.

ಆಮೇಲೆ ಯಾರೂ ರಸ್ತೆಯ ಕಡೆ ನೋಡಲಿಲ್ಲ. ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಮಗು ಚಕ್ರಕ್ಕೆ ಸಿಕ್ಕಿರಬೇಕು, ಅಪ್ಪ ಮುಚ್ಚಿಟ್ಟಿರಬೇಕು ಎಂದಾಯಿತು. ಕಣ ಅಗೆದರು. ಮೆಕ್ಕೆಜೋಳದ ಒಣದಂಟಿನ, ಸೊಪ್ಪೆಯ ಬಣವೆ ಕಿತ್ತರು. ಭಾವನನ್ನು ಠಾಣೆಗೆ ಒಯ್ದು, ಏನೂ ಸಿಗದೆ ಬಿಟ್ಟರು.

ಅಕ್ಕ ಬಿಡಲಿಲ್ಲ. ಕೊಟ್ಟೂರಿಗೆ ಮದುವೆಯಾಗಿ ಹೋದ ನಾನು ಬಂದಾಗಲೆಲ್ಲ ಕೇಳಿದ್ದೇನೆ — ಗಂಡನಿಗೆ ಬಡಿಸುತ್ತ ಬಡಿಸುತ್ತ ಅವಳದು ಒಂದೇ ಮಾತು: "ಎಲ್ಲಿ ಹುಗದೀರಿ? ಅಷ್ಟ ಹೇಳ್ರಿ. ಬೈಯಂಗಿಲ್ಲ." ಭಾವ ತಾಟಿನ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದರು. ನಾನು ಒಳಗಿನಿಂದ ಸಾರು ತಂದು ಇಡುತ್ತಿದ್ದೆ.

ಮೊನ್ನೆ ಅಕ್ಕನ ಕಾರ್ಯ ಮುಗಿದ ಮೇಲೆ ಭಾವ ನನ್ನನ್ನು ಬಸ್ಸಿಗೆ ಬಿಡಲು ಬಂದರು. "ನಿಮ್ಮಕ್ಕನೂ ನಂಬಲಿಲ್ಲ, ಊರೂ ನಂಬಲಿಲ್ಲ. ನೀನೊಬ್ಬಾಕಿ ನನ್ನ ಮ್ಯಾಲ ಅನುಮಾನ ಪಡಲಿಲ್ಲ ನೋಡು, ಶಾಂತವ್ವ" ಎಂದರು.

ನನಗೆ ಹೇಗೆ ಬರಬೇಕು ಅನುಮಾನ! ಅವತ್ತೂ ಹೇಳಲಿಲ್ಲ. ತಲೆ ಬಗ್ಗಿಸಿ ಬಸ್ಸು ಹತ್ತಿದೆ.

ಅಕ್ಕನಿಗೆ ಇನ್ನು ಹೇಳಲಾಗದು. ಗೌರಿ ಎಲ್ಲಿಯಾದರೂ ಇದ್ದರೆ ದೊಡ್ಡವಳಾಗಿರುತ್ತಾಳೆ. ತನ್ನನ್ನು ಎತ್ತಿ ಕೊಟ್ಟವಳು ಯಾರೆಂದು ಅವಳಿಗೆ ನೆನಪಿದೆಯೋ ಏನೋ. ನಾಳೆ ಭಾವನ ಮನೆಗೆ ಹೋಗುತ್ತೇನೆ. ಅವರೆದುರು ಹೇಳುತ್ತೇನೆ, ಆಮೇಲೆ ಊರ ಮುಂದೆ, ಠಾಣೆಯಲ್ಲಿ, ಅವರು ಎಲ್ಲಿ ನಿಲ್ಲಿಸಿದರೆ ಅಲ್ಲಿ ಹೇಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ — ಕೊಟ್ಟುಬಿಟ್ಟಾರು, ಆ ಮನುಷ್ಯ.